ಕಾಫಿ ಬೀಜ ‘ಬೀಸು’ವುದು ಸರಿಯೇ? ಮೋಕಾ ಪಾಟ್ ಪುಡಿಯ ಹದಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮೋಕಾ ಪಾಟ್‌ನಲ್ಲಿ (ಒಲೆಯ ಮೇಲಿಟ್ಟರೆ ಕೆಳಗಿನ ನೀರು ಹಬೆಯ ಒತ್ತಡಕ್ಕೆ ಪುಡಿಯನ್ನು ಹಾದು ಮೇಲೇರುವ ಪಾತ್ರೆ) ಕಾಫಿ ಮಾಡುವುದರ ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರೆಯುತ್ತಿದ್ದೇನೆ. ಎರಡು ಕಡೆ ಪದ ಸಾಲದೆ ನಿಂತಿದ್ದೇನೆ.

ಮೊದಲನೆಯದು ಕ್ರಿಯಾಪದ. ಅಂಗಡಿಯಲ್ಲಾದರೆ ‘ಪುಡಿ ಮಾಡಿಸಿಕೊಂಡು ಬಾ’ ಅಂತೀವಿ, ಮುಗೀತು. ಮನೆಯಲ್ಲಿ ಮಾಡುವಾಗ ಅಷ್ಟು ಸಾಕಾಗುವುದಿಲ್ಲ. ಮಿಕ್ಸಿಯ ಬ್ಲೇಡು ಬೀಜವನ್ನು ಕೊಚ್ಚುತ್ತದೆ. ಒಂದಿಷ್ಟು ಧೂಳು, ಒಂದಿಷ್ಟು ತರಿ, ನಡುವೆ ಅರ್ಧಂಬರ್ಧ ಬೀಜ. ಬರ್ ಗ್ರೈಂಡರಿನಲ್ಲಿ ಹಲ್ಲಿರುವ ಎರಡು ತುಂಡುಗಳಿರುತ್ತವೆ. ಒಂದು ಕದಲುವುದಿಲ್ಲ, ಇನ್ನೊಂದು ತಿರುಗುತ್ತದೆ. ನಡುವಿನ ಸಂದು ಕಿರಿದು ಮಾಡಿದರೆ ಪುಡಿ ಸಣ್ಣ, ಹಿರಿದು ಮಾಡಿದರೆ ದಪ್ಪ. ಬೀಸೋಕಲ್ಲಿನ ಕೆಲಸವೂ ಇದೇ ಅಲ್ವಾ? ಅದಕ್ಕೇ ಮಿಕ್ಸಿಗೆ ‘ಪುಡಿ ಮಾಡು’, ಇದಕ್ಕೆ ‘ಬೀಸು’ ಎಂದು ಬರೆಯುವ ಯೋಚನೆ. ‘ರುಬ್ಬು’ ಆಗದು, ಅದಕ್ಕೆ ನೀರು ಬೇಕು. ‘ಅರೆ’ ಅಂದರೆ ನನ್ನ ಕಣ್ಣಿಗೆ ಚಟ್ನಿಯೇ ಬರುತ್ತದೆ. ಗೆಳೆಯರೊಬ್ಬರ ತಕರಾರು ಬೇರೆ: ‘ರಾಗಿ ಬೀಸ್ತಾರೆ, ಕಾಫಿಗೆ ಬೀಸು ಅಂದ್ರೆ ಬೀಸಣಿಗೆ ಹುಡುಕ್ತಾರೆ ಅಷ್ಟೇ!’

ಎರಡನೆಯದು ಹದದ ಹೆಸರು. ಇದೇ ಹೆಚ್ಚು ಕಾಡುತ್ತಿದೆ. ಮೋಕಾ ಪಾಟನ್ನು ಸ್ಟೌ ಮೇಲಿನ ಎಸ್ಪ್ರೆಸೊ (ಯಂತ್ರದ ಒತ್ತಡದಲ್ಲಿ ಇಳಿಸುವ ಗಟ್ಟಿ ಕಾಫಿ) ಅಂತಾರೆ. ಆದರೆ ಎಸ್ಪ್ರೆಸೊ ಯಂತ್ರದ ಒತ್ತಡ ಸುಮಾರು 9 ಬಾರ್, ಇದರದ್ದು 1–2 ಬಾರ್ ಅಷ್ಟೇ. ಯಂತ್ರಕ್ಕೆ ಹಾಕುವಷ್ಟು ನುಣ್ಣಗಿನ ಪುಡಿ ಇಲ್ಲಿ ಹಾಕಿದರೆ ಕೆಳಗಿನ ನೀರು ಮೇಲೇರಲು ಒದ್ದಾಡುತ್ತದೆ, ಕಾಫಿ ಕಹಿಯಾಗುತ್ತದೆ. ತೀರಾ ದಪ್ಪವಾದರೆ ನೀರು ಸರ್ರನೆ ಹಾದು ಡಿಕಾಕ್ಷನ್ ತೆಳ್ಳಗೆ ಬರುತ್ತದೆ. ಬೇಕಾದದ್ದು ಎರಡರ ನಡುವಿನದು. ಬೆರಳಲ್ಲಿ ಉಜ್ಜಿದರೆ ಕಾಳು ಕಾಳಾಗಿ ಜಾರಬೇಕು, ಬೆರಳಿನ ಗೆರೆಗಳಲ್ಲಿ ಮೆತ್ತಿಕೊಳ್ಳಬಾರದು.

ಇದಕ್ಕೆ ‘ಮಧ್ಯಮ-ನುಣುಪು’ ಎಂದು ಬರೆದು ನೋಡಿದೆ. ಸುಮ್ನೆ ಗೋಡೆಗೆ ಬಣ್ಣ ಹೊಡೆಯುವವರ ಮಾತಿನ ಹಾಗಿದೆ. ನಮ್ಮ ಅಡುಗೆಮನೆಯಲ್ಲೇ ಅಳತೆ ಇದೆಯಲ್ಲ: ಹಿಟ್ಟು, ಚಿರೋಟಿ ರವೆ, ಉಪ್ಪಿಟ್ಟಿನ ರವೆ, ನುಚ್ಚು. ಮೋಕಾ ಪಾಟ್‌ಗೆ ‘ಚಿರೋಟಿ ರವೆ ಹದ’ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ ಅನ್ನಿಸುತ್ತದೆ. ಆದರೆ ಉತ್ತರ ಕರ್ನಾಟಕದ ಕಡೆ ಚಿರೋಟಿ ರವೆ ಎಂದರೆ ಇದೇ ಗಾತ್ರ ತಿಳಿಯುತ್ತದೆಯೇ? ಕರಾವಳಿಯವರು ‘ಹುಡಿ’ಯ ಜೊತೆ ಯಾವ ಪದ ಸೇರಿಸುತ್ತೀರಿ?

ಹಾಗೇ ಇನ್ನೊಂದು. ಫಿಲ್ಟರಿನಲ್ಲಿ ಪುಡಿಯನ್ನು ಒತ್ತುತ್ತೇವೆ. ಮೋಕಾ ಪಾಟ್‌ನಲ್ಲಿ ಒತ್ತಬಾರದು, ಬಟ್ಟಲು ತುಂಬಿಸಿ ಮೇಲ್ಭಾಗ ಸಮ ಮಾಡಿದರೆ ಸಾಕು. ಇದನ್ನು ‘ಅದುಮಬೇಡಿ’ ಎಂದು ಬರೆದಿದ್ದೇನೆ. ಸರಿ ತಾನೇ?

ಚಿಕ್ಕಮಗಳೂರು, ಕೊಡಗಿನ ಕಡೆಯವರು ದಯವಿಟ್ಟು ಹೇಳಿ: ಮನೆಯಲ್ಲಿ ಬೀಜ ಹುರಿದು ಕೈಮಿಷನ್ನಿಗೆ ಹಾಕಿ ತಿರುಗಿಸುವುದಕ್ಕೆ ಹಿರಿಯರು ಏನನ್ನುತ್ತಿದ್ದರು?