ಕಾಗದದ ಹೆಗಡೆ, ಪುಸ್ತಕದ ಹೆಗಡೆ: ಒಂದೇ ಮನೆತನ ಅಂತ ಹೇಳೋದು ಹೇಗೆ?

ಪ್ರಶ್ನೆ | ಅಡಕೆಚಪ್ಪರ, ಶಿರಸಿ

ಶಿರಸಿ ತಾಲ್ಲೂಕಿನ ಒಂದು ಸಣ್ಣ ಗ್ರಂಥಾಲಯಕ್ಕೆ ಸೂಚಿಪಟ್ಟಿ ಮಾಡುವ ಕೆಲಸ ನಡೆದಿದೆ. ಕಪಾಟಿನ ಒಂದು ಬದಿಗೆ ಹಳೇ ಕಾಗದ: ಕಡತ (ಬಳಪದಲ್ಲಿ ಬರೆದ ಕರಿಬಟ್ಟೆಯ ಮಡಿಕೆ), ಕ್ರಯಪತ್ರ, ಗೇಣಿಚೀಟಿ, ಕಂದಾಯದ ರಸೀದಿ. ಇನ್ನೊಂದು ಬದಿಗೆ ಜಾನಪದ, ಯಕ್ಷಗಾನ, ಇತಿಹಾಸದ ಪುಸ್ತಕಗಳು, ಪಿಎಚ್.ಡಿ. ಪ್ರಬಂಧಗಳು. ಎರಡೂ ಕಡೆ ಕೈ ಹಾಕಿದಲ್ಲೆಲ್ಲ ಹೆಗಡೆ. ಎಕ್ಸೆಲ್‌ನಲ್ಲಿ ‘ಅಡ್ಡಹೆಸರು’ ಅಂತ ಒಂದು ಕಾಲಂ ಇಟ್ಟು ಎಲ್ಲವನ್ನೂ ಅದರಡಿ ತಂದರೆ ಕಾಗದದ ಮನೆತನಕ್ಕೂ ಪುಸ್ತಕ ಬರೆದವರಿಗೂ ಇರುವ ಸಂಬಂಧ ತೋರಿಸಬಹುದು ಅನ್ನೋದು ಸಮಿತಿಯ ಯೋಚನೆ. ಸರಿಯಾ ಇದು? ಬಹಳಷ್ಟು ಕಾಗದಕ್ಕೆ ಇಸವಿಯೇ ಇಲ್ಲ, ಸಂವತ್ಸರ ಮಾತ್ರ. ಕೆಲವಕ್ಕೆ ‘ಫಸಲಿ’ (ಕಂದಾಯದ ವರ್ಷ) ಅಂತಿದೆ. ಹೊರಗಿನ ದಾಖಲೆ ಹುಡುಕೋದಾದರೆ ಕಾರವಾರಕ್ಕೆ ಹೋದರೆ ಸಾಕಾ?

ಉತ್ತರ 1 | ಕರಿಹಲಗೆ

ಒಂದೇ ಕಾಲಂ ಮಾಡಿದಿರೋ, ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಹೆಗಡೆ ಮೂಲದಲ್ಲಿ ಹುದ್ದೆ, ಊರಿನ ಯಜಮಾನಿಕೆ. ಶಾನಭಾಗ, ನಾಡಕರ್ಣಿ, ಪಟೇಲ ಇವೂ ಹಾಗೇ. ಹುದ್ದೆಯಿಂದ ಬಂದ ಹೆಸರಿಗೆ ಒಂದೇ ಜಾತಿ, ಒಂದೇ ಮೂಲ ಇರಬೇಕೆಂದಿಲ್ಲ. ನಮ್ಮಲ್ಲಿ ಹವ್ಯಕರು, ಕರಾವಳಿಯ ತೆಂಕು ಕಡೆ ಬಂಟರು, ಜೈನರು, ಎಲ್ಲರಲ್ಲೂ ಈ ಹೆಸರಿದೆ. ಹಾಗಾಗಿ ಹಳೇ ಕಾಗದದಲ್ಲಿ ಹೆಸರಿನ ಪಕ್ಕ ‘ಹೆಗಡೆ’ ಕಂಡರೆ ಅದು ಆಗಿನ ಅಧಿಕಾರವೋ, ಮನೆತನದ ಹೆಸರೋ ಅಂತ ಮೊದಲು ನೋಡಿ. ಅದೇ ಮನುಷ್ಯನ ಅಣ್ಣ, ತಮ್ಮ, ಮಗ ಎಲ್ಲರಿಗೂ ಆ ಶಬ್ದ ಅಂಟಿಕೊಂಡಿದ್ದರೆ ಮನೆತನದ ಹೆಸರು. ಒಬ್ಬನಿಗೆ ಮಾತ್ರ ಇದ್ದರೆ ಹುದ್ದೆ ಇರಬಹುದು. ಶಾನಭಾಗ ಇನ್ನೂ ಪೇಚು. ಪತ್ರದ ಕಟ್ಟಕಡೆಗೆ, ಸಾಕ್ಷಿಗಳ ರುಜು ಮುಗಿದಮೇಲೆ ಬರೆದವನ ಹೆಸರಿನ ಜೊತೆ ಬಂದ ‘ಶಾನಭಾಗ’ ಸಾಮಾನ್ಯವಾಗಿ ಅವನ ಕೆಲಸ.

ಇನ್ನು ಕಾಗುಣಿತ. ಕನ್ನಡದಲ್ಲಿ ಹೆಗಡೆ, ಹೆಗ್ಡೆ, ಹೆಗ್ಗಡೆ ಬೇರೆ ಬೇರೆ. ಬಹುಮಟ್ಟಿಗೆ ಸೀಮೆಯನ್ನೂ ಹೇಳುತ್ತವೆ. ಇಂಗ್ಲಿಷಿಗೆ ಹೋದಕೂಡಲೇ ಮೊದಲ ಎರಡು ಒಂದೇ ಆಗಿಬಿಡುತ್ತವೆ. ಮುಖ್ಯಮಂತ್ರಿಯಾಗಿದ್ದ ಸಿದ್ದಾಪುರ ತಾಲ್ಲೂಕಿನ ರಾಮಕೃಷ್ಣ ಹೆಗಡೆ, ಲೋಕಸಭೆಯ ಸ್ಪೀಕರ್ ಆಗಿದ್ದ ಕಾರ್ಕಳ ಕಡೆಯ ಕೆ.ಎಸ್. ಹೆಗ್ಡೆ, ಇಂಗ್ಲಿಷ್ ಪಟ್ಟಿಯಲ್ಲಿ ಇಬ್ಬರೂ ನೆಂಟರ ಹಾಗೆ ಅಕ್ಕಪಕ್ಕ ಕೂತಿರುತ್ತಾರೆ. ಇನಿಷಿಯಲ್ ನೋಡಿದರೆ ಗುಟ್ಟು ತಿಳಿಯುತ್ತದೆ. ಆರ್.ಎಂ. ಹೆಗಡೆ ಅಂದರೆ ರಾಮಕೃಷ್ಣ ಮಹಾಬಲೇಶ್ವರ, ನಡುವಿನದು ತಂದೆಯ ಹೆಸರು. ಇದು ಮುಂಬಯಿ ಪದ್ಧತಿ. ಕೆ.ಎಸ್.ನಲ್ಲಿ ಕೆ ಅಂದರೆ ಕೌಡೂರು, ಊರು. ಪುಸ್ತಕದ ಇನಿಷಿಯಲ್ಲನ್ನು ಕಾಗದದ ತಂದೆಯ ಹೆಸರಿಗೆ ಹೊಂದಿಸುವ ಮುಂಚೆ ಯಾವ ಪದ್ಧತಿ ಅಂತ ಖಾತ್ರಿ ಮಾಡಿಕೊಳ್ಳಿ.

ಉತ್ತರ 2 | ಬಂದರುಕಟ್ಟೆ, ಹೊನ್ನಾವರ

ಕಾರವಾರ ಒಂದೇ ಸಾಲದು. 1799ರಲ್ಲಿ ಟಿಪ್ಪು ಬಿದ್ದಮೇಲೆ ಕೆನರಾ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಉತ್ತರ ಭಾಗ, ಅಂದರೆ ಈಗಿನ ಉತ್ತರ ಕನ್ನಡ, ಮುಂಬಯಿ ಆಧಿಪತ್ಯಕ್ಕೆ ಹೋದದ್ದು 1862ರಲ್ಲಿ, ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ದಾಖಲೆಯೂ ಹಾಗೇ ಹಂಚಿಹೋಗಿದೆ: ಮೇಲ್ಮಟ್ಟದ ಹಳೇ ಕಂದಾಯ ಪತ್ರವ್ಯವಹಾರಕ್ಕೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ, ಆಮೇಲಿನದಕ್ಕೆ ಮುಂಬಯಿಯ ಮಹಾರಾಷ್ಟ್ರ ಪತ್ರಾಗಾರ, ಈಚಿನದಕ್ಕೆ ಬೆಂಗಳೂರು. ಹೈದರ್ ಶಿರಸಿ ಹತ್ತಿರದ ಸೋದೆ ಹಿಡಿದಾಗ ಅಲ್ಲಿನ ಅರಸರು ಗೋವೆ ಸೇರಿದ್ದರಿಂದ ಸೋದೆಯ ಕಾಗದಕ್ಕೆ ಪಣಜಿಯನ್ನೂ ಮರೆಯುವಂತಿಲ್ಲ. ನೋಂದಣಿಯಾದ ಕ್ರಯಪತ್ರಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿ, ಕೈಬರಹದ ಪಹಣಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು. ಇಂಗ್ಲಿಷ್ ಸೂಚಿಯಲ್ಲಿ ಹೊನ್ನಾವರ ‘ಹೊನೋರ್’ ಆಗಿರುತ್ತದೆ. ಕಾರವಾರ, ಅಂಕೋಲಾ ಎರಡರ ಸ್ಪೆಲಿಂಗಿನಲ್ಲೂ ಕೆ ಬದಲು ಸಿ ಇರುತ್ತದೆ. ಇದು ಗೊತ್ತಿಲ್ಲದೆ ಬರಿಗೈಲಿ ಬರುವವರೇ ಹೆಚ್ಚು.

ಕಾಲದ ಲೆಕ್ಕ: ಮದ್ರಾಸಿನ ಫಸಲಿಗೆ 590 ಕೂಡಿಸಿ, ವರ್ಷ ಜುಲೈಯಿಂದ ಶುರು. ಫಸಲಿ 1264 ಅಂದರೆ 1854ರ ಜುಲೈಯಿಂದ ಮುಂದಿನ ಮಳೆಗಾಲದವರೆಗೆ. ಶಕಕ್ಕೆ 78 ಕೂಡಿಸಿ.

ನಿಜವಾದ ಹಳ್ಳ ಇರೋದು ಸಂವತ್ಸರದಲ್ಲಿ. ‘ಆನಂದ ಸಂವತ್ಸರ, ಗಣಪ ಬಿನ್ ಸುಬ್ರಾಯ ಹೆಗಡೆ’ ಅಂತ ಒಂದು ಚೀಟಿ ಇದೆ ಅಂದುಕೊಳ್ಳಿ. ಆನಂದ 1854ರಲ್ಲೂ ಬಂತು, 1914ರಲ್ಲೂ ಬಂತು. ಅಜ್ಜನ ಹೆಸರು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ರೂಢಿ. ಗಣಪನ ಮಗ ಸುಬ್ರಾಯ, ಅವನ ಮಗ ಮತ್ತೆ ಗಣಪ. ಅರವತ್ತು ವರ್ಷಕ್ಕೆ ಸಂವತ್ಸರವೂ ತಿರುಗಿ ಬರುತ್ತದೆ, ಹೆಸರೂ ತಿರುಗಿ ಬರುತ್ತದೆ, ತಂದೆಯ ಹೆಸರೂ ಕೂಡ! ಬಿಡಿಸಬೇಕಾದರೆ ಚೀಟಿಯಲ್ಲಿ ಬೇರೇನಾದರೂ ಬೇಕು: ಸ್ಟ್ಯಾಂಪು ಕಾಗದ, ಸರ್ವೆ ನಂಬರು, ಸಾಕ್ಷಿಗಳ ಹೆಸರು. ಜಮೀನಿಗೆ ಸರ್ವೆ ನಂಬರು ಕಾಣಿಸಿದರೆ ಅದು ಮುಂಬಯಿ ಕಾಲದ ಮೋಜಣಿ ಆದಮೇಲಿನದು, ಅಂದರೆ ಮೊಮ್ಮಗನದು. ನಂಬರಿಲ್ಲದೆ ಬರೀ ಚಕ್ಕುಬಂದಿ ಇದ್ದರೆ ಅಜ್ಜನದಿರಬಹುದು, ಆದರೆ ಅಷ್ಟಕ್ಕೇ ತೀರ್ಮಾನ ಬೇಡ.

ಹೆಂಗಸರ ಹೆಸರಿನ ಮುಂದೆ ‘ಕೋಂ’ ಬಂದರೆ ಆಮೇಲೆ ಬರುವುದು ಗಂಡನ ಹೆಸರು, ಅಪ್ಪನದಲ್ಲ.

ಉತ್ತರ 3 | ಸೂಚಿಪೆಟ್ಟಿಗೆ

ಪಟ್ಟಿ ಮೂರು ಮಾಡಿ. ಒಂದು ವ್ಯಕ್ತಿಗಳದ್ದು, ಒಂದು ಮನೆಗಳದ್ದು, ಒಂದು ದಾಖಲೆ ಮತ್ತು ಪುಸ್ತಕಗಳದ್ದು. ‘ಹೆಗಡೆ’ ಅನ್ನೋದು ವ್ಯಕ್ತಿಯ ಸಾಲಿನಲ್ಲಿ ಬರುವ ಒಂದು ಶಬ್ದ ಅಷ್ಟೇ, ಕೊಂಡಿ ಅಲ್ಲ. ಕೊಂಡಿ ಅಂದರೆ ಮನೆ. ಘಟ್ಟದ ಮೇಲೂ ಕೆಳಗೂ ಜನ ಗುರುತು ಹೇಳೋದು ಮನೆಯ ಹೆಸರಿನಿಂದಲೇ ಅಲ್ಲವೇ? ಕೆರೆಮನೆ ಶಿವರಾಮ ಹೆಗಡೆ, ಚಿಟ್ಟಾಣಿ ರಾಮಚಂದ್ರ ಹೆಗಡೆ, ಇಬ್ಬರೂ ಹೊನ್ನಾವರ ತಾಲ್ಲೂಕಿನ ಯಕ್ಷಗಾನ ಕಲಾವಿದರು, ಇಬ್ಬರೂ ಹೆಗಡೆ. ಬೇರೆ ಮಾಡೋದು ಹೆಸರಿನ ಮೊದಲ ಶಬ್ದ. ಸೂಚಿಯಲ್ಲಿ ‘ಹೆಗಡೆ, ಕೆರೆಮನೆ ಶಿವರಾಮ’ ಅಂತ ಮುಖ್ಯ ನಮೂದು ಹಾಕಿ, ‘ಕೆರೆಮನೆ’ ಅಡಿಯಲ್ಲಿ ‘ನೋಡಿ’ ಅಂತ ಒಂದು ಚೀಟಿ ಇಡಿ. ಅಡ್ಡಹೆಸರೇ ಇಲ್ಲದ ಕನ್ನಡ ಹೆಸರಾದರೆ ವ್ಯಕ್ತಿನಾಮದಡಿಯೇ ನಮೂದು.

ಪ್ರತಿ ವ್ಯಕ್ತಿಗೆ ನಿಮ್ಮದೇ ಒಂದು ಕ್ರಮಸಂಖ್ಯೆ ಕೊಡಿ. ಪುಸ್ತಕ ಬರೆದವರಿಗೆ ಲೇಖಕರನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ, ಅಂದರೆ ವಿಯಾಫ್ (VIAF) ಅಥವಾ 16 ಅಂಕಿಯ ಐಎಸ್‌ಎನ್‌ಐ (ISNI), ಇದ್ದರೆ ಪಕ್ಕದಲ್ಲಿ ಬರೆದುಕೊಳ್ಳಿ. ಆರ್ಕಿಡ್ (ORCID) ಅನ್ನೋ ಗುರುತುಸಂಖ್ಯೆ ಸಂಶೋಧಕರು ತಾವೇ ಮಾಡಿಕೊಳ್ಳುವಂಥದ್ದು, ಹಳಬರಿಗೆ ಹುಡುಕಬೇಡಿ. ಗೇಣಿಚೀಟಿಯ ಗಣಪನಿಗೆ ಇದ್ಯಾವುದೂ ಇರಲ್ಲ, ನಿಮ್ಮ ಸಂಖ್ಯೆಯೇ ಗತಿ.

ಸಂಬಂಧ ಹಾಕುವಾಗ ‘ಖಚಿತ’, ‘ಸಂಭವ’, ‘ಹೆಸರು ಮಾತ್ರ’ ಅಂತ ಮೂರು ದರ್ಜೆ ಇಡಿ. ತಂದೆ, ಊರು, ಕಾಲ ಮೂರೂ ಕೂಡಿದರೆ ಮಾತ್ರ ಖಚಿತ. ‘ಹೆಸರು ಮಾತ್ರ’ ದರ್ಜೆಯದನ್ನು ಓದುಗರ ಪಟ್ಟಿಯಲ್ಲಿ ತೋರಿಸಲೇಬೇಡಿ. ಒಮ್ಮೆ ಅಚ್ಚಾದರೆ ಮುಂದಿನ ಪ್ರಬಂಧ ಅದನ್ನೇ ಆಧಾರ ಅಂತ ಎತ್ತಿಕೊಳ್ಳುತ್ತದೆ.

ಹುಡುಕಾಟದ ತೊಂದರೆ ಇನ್ನೊಂದಿದೆ. ಹಳೇ ಪ್ರಬಂಧಗಳು ‘ನುಡಿ’ ತಂತ್ರಾಂಶದ ಆಸ್ಕಿ ಅಕ್ಷರದಲ್ಲಿದ್ದರೆ ಯೂನಿಕೋಡಿನಲ್ಲಿ ಹುಡುಕಿದ್ದು ಸಿಗಲ್ಲ. ಪರಿವರ್ತಕ ಹಾಕಿದಮೇಲೆ ಅರ್ಕಾವತ್ತು ಇರುವ ಶಬ್ದಗಳನ್ನು ಕಣ್ಣಿಟ್ಟು ನೋಡಿ. ‘ಕರ್ಕಿ’ ಊರು ‘ಕಕಿ’ ಆಗಿ ಪಕ್ಕದಲ್ಲೊಂದು ವಿಚಿತ್ರ ಗುರುತು ಉಳಿದಿರುತ್ತದೆ.

ಅಡಕೆಚಪ್ಪರ: ಮೂರು ಪಟ್ಟಿ ಅಂತ ಸಮಿತಿಗೆ ಹೇಳ್ತೇನೆ, ಗೊಣಗ್ತಾರೆ, ಇರಲಿ. ಕಡತಗಳ ಮೇಲೆ ಧೂಳು ಕೂತಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಸ್ಕ್ಯಾನ್ ಮಾಡಬಹುದಾ?

ಕರಿಹಲಗೆ: ಬೇಡವೇ ಬೇಡ ಮಾರಾಯ್ರೆ! ಹುಣಿಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಳಿದ ಬಟ್ಟೆ ಅದು, ಅಕ್ಷರ ಬಳಪದ್ದು. ಒದ್ದೆ ತಾಗಿದರೆ ಅಕ್ಷರದ ಜೊತೆ ಕಪ್ಪೂ ಏಳುತ್ತದೆ. ಒಣ ಬಟ್ಟೆಯೂ ಬೇಡ. ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ, ಬಲವಂತ ಮಾಡದೆ ಮೇಜಿನ ಮೇಲೆ ಹರಡಿ, ಬದಿಯಿಂದ ಓರೆಯಾಗಿ ಬೆಳಕು ಬಿಟ್ಟು ಮೇಲಿನಿಂದ ಫೋಟೋ ತೆಗೀರಿ. ಅಳಿಸಿ ಮತ್ತೆ ಬರೆದ ಕಡೆ ಹಳೇ ಬಳಪದ ಗೆರೆ ಓರೆ ಬೆಳಕಿಗೆ ಅಷ್ಟಿಷ್ಟು ಕಾಣುತ್ತದೆ, ಅದನ್ನೂ ಬೇರೆ ಫೋಟೋ ಅಂತ ನಮೂದಿಸಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.