‘ಟೋಪಿ ಹಾಕಿದ’ ಅನ್ನೋಕೆ ಇಂಗ್ಲಿಷಲ್ಲಿ ಯಾವ ಪದ?

ಪ್ರಶ್ನೆ: ಕೋಲಾರದ ಟೊಮೆಟೊ ಮಂಡಿ. 15 ಕೆಜಿ ಬಾಕ್ಸಲ್ಲಿ ಮೇಲೆ ಗಟ್ಟಿ ಹಣ್ಣು, ಅಡಿಯಲ್ಲಿ ಕೊಳೆತದ್ದು. ಹೊರರಾಜ್ಯದ ಖರೀದಿದಾರರಿಗಾಗಿ ದೂರನ್ನು ಇಂಗ್ಲಿಷಲ್ಲೇ ಬರೆಯಬೇಕು. ಚೀಟ್, ಡಿಸೀವ್, ಮಿಸ್‌ಲೀಡ್, ಫ್ರಾಡ್: ಯಾವುದು ಸರಿ?

ಉತ್ತರ 1: ಡಿಸೀವ್ ಅಂದ್ರೆ ಸುಳ್ಳನ್ನ ನಿಜ ಅಂತ ನಂಬಿಸೋದು, ದುಡ್ಡು ಹೋಗಲೇಬೇಕು ಅಂತಿಲ್ಲ. ಚೀಟ್ ಅಂದ್ರೆ ಮೋಸದಿಂದ ಲಾಭ ಹೊಡೆಯೋದು. ಮಿಸ್‌ಲೀಡ್ ಬೇಕಂತಲೇ ಆಗಿರಬೇಕಿಲ್ಲ, ಹಾಗಾಗಿ ಉದ್ದೇಶ ಸಾಬೀತಾಗೋವರೆಗೆ ಅದೇ ಕ್ಷೇಮ. ಭೂತಕಾಲದಲ್ಲಿ ಮಿಸ್‌ಲೆಡ್, ಸ್ಪೆಲಿಂಗಲ್ಲಿ ‘ಎ’ ಬಿದ್ದುಹೋಗುತ್ತೆ, ಎಷ್ಟೋ ಜನ ಎಡವೋದು ಇಲ್ಲೇ. ಕಣ್ಣಿಗೆ ಮಣ್ಣೆರಚೋದಕ್ಕೆ ಇಂಗ್ಲಿಷಲ್ಲಿ ಕಣ್ಣಿನ ಮೇಲೆ ಉಣ್ಣೆ ಎಳೀತಾರೆ, ‘ಪುಲ್ ದಿ ವುಲ್ ಓವರ್ ಸಮ್‌ಒನ್ಸ್ ಐಸ್’. ದೂರಿನಲ್ಲಿ ಮಾತ್ರ ಬೇಡ.

ಉತ್ತರ 2: ಪದಕ್ಕಿಂತ ಅದರ ಬಾಲ ಕೈಕೊಡುತ್ತೆ. ‘ಲೈಡ್ ಮಿ’ ಅಲ್ಲ, ‘ಲೈಡ್ ಟು ಮಿ’. ‘ಡಿಡ್ ಫ್ರಾಡ್’ ನಮ್ಮ ‘ಫ್ರಾಡ್ ಮಾಡ್ದ’ದ ನೆರಳು, ‘ಕಮಿಟೆಡ್ ಫ್ರಾಡ್’ ಅನ್ನಿ. ಎಷ್ಟು ಹೋಯ್ತು ಅಂತ ಹೇಳೋಕೆ ‘ಚೀಟೆಡ್ ಮಿ ಔಟ್ ಆಫ್ 6,000 ರುಪೀಸ್’.

ಉತ್ತರ 3: ಪೊಲೀಸರಿಗೆ ಕೊಡೋದಾದ್ರೆ ಚೀಟಿಂಗ್ ಅನ್ನೋದು ಕಾನೂನಿನ ಪದ. ವ್ಯವಹಾರದ ಶುರುವಿನಲ್ಲೇ ಮೋಸದ ಉದ್ದೇಶ ಇತ್ತು ಅಂತ ತೋರಿಸಬೇಕು. 2024ರ ಜುಲೈ 1ರಿಂದ ಈಚೆಗಿನ ಕೃತ್ಯಕ್ಕೆ ಹಳೇ ದಂಡ ಸಂಹಿತೆಯ (ಐಪಿಸಿ) ಕಲಂ 420 ಹಾಕಬೇಡಿ (ಬಾಯಿಂದ ಆ ನಂಬರ್ ಹೋಗಲ್ಲ ಬಿಡಿ). ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ಕಲಂ 318(4). ನಂಬಿ ಒಪ್ಪಿಸಿದ ಮಾಲನ್ನ ನುಂಗಿದ್ರೆ ‘ಕ್ರಿಮಿನಲ್ ಬ್ರೀಚ್ ಆಫ್ ಟ್ರಸ್ಟ್’, ಕಲಂ 316.