ಸೈಕಾಲಜಿ ಸಂಶೋಧನೆ ನಿಜವಾಗಿ ವಿಜ್ಞಾನವಾ?

ಬಿಎ ಎರಡನೇ ವರ್ಷ:
ನಾನು ಸೈಕಾಲಜಿ ತಗೊಂಡಿದ್ದೇನೆ, ಅಣ್ಣ ಫಿಸಿಕ್ಸ್ ಎಂಎಸ್ಸಿ. ಊಟಕ್ಕೆ ಕೂತಾಗಲೆಲ್ಲ "ನಿಮ್ದು ವಿಜ್ಞಾನ ಅಲ್ಲ ಕಣೇ, ಮನಸ್ಸನ್ನ ಯಾವ ತಕ್ಕಡೀಲಿ ತೂಗ್ತೀರಾ?" ಅಂತಾನೆ. ಮೊನ್ನೆ ಮಾರ್ಷ್‌ಮೆಲೋ ಪ್ರಯೋಗದ ಬಗ್ಗೆ ಹೇಳಿದೆ. ಮಗುವಿನ ಮುಂದೆ ಒಂದು ಸಿಹಿ ಇಟ್ಟು, ತಿನ್ನದೆ ಕಾದರೆ ಎರಡು ಕೊಡ್ತೀವಿ ಅನ್ನೋದು, ಕಾದ ಮಕ್ಕಳು ಮುಂದೆ ಓದಿನಲ್ಲೂ ಚೆನ್ನಾಗಿದ್ದರು ಅನ್ನೋದು. "ಅದು ಯಾವಾಗಲೋ ಬಿದ್ದುಹೋಯ್ತು" ಅಂದ. ಹೌದಾ?

ಲ್ಯಾಬ್ ಕೆಲಸದವನು:
ನಿಮ್ಮಣ್ಣನ ಮಾತಲ್ಲಿ ಹುರುಳಿದೆ. 2015ರಲ್ಲಿ ಅಮೆರಿಕದ ಸೈಕಾಲಜಿ ಪ್ರೊಫೆಸರ್ ಬ್ರಯನ್ ನೊಸೆಕ್ ಮತ್ತು ಜೊತೆಯವರು ಸೈಕಾಲಜಿಯ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಮೊದಲ ಸಲ ಶೇ. 97ರಲ್ಲಿ ಗಟ್ಟಿ ಫಲಿತಾಂಶ ಇತ್ತು, ಎರಡನೇ ಸಲ ಬಂದದ್ದು ಶೇ. 36ರಲ್ಲಿ ಮಾತ್ರ. ಇದನ್ನ ನೋಡಿದ ಮೇಲೂ ಕಣ್ಮುಚ್ಚಿ ನಂಬೋದು ಹೇಗೆ?

ಸಂಶೋಧನಾ ವಿದ್ಯಾರ್ಥಿನಿ:
ಸರ್, ಆ ತಪ್ಪನ್ನು ಹುಡುಕಿ ಊರಿಗೆಲ್ಲ ಹೇಳಿದ್ದು ಸೈಕಾಲಜಿಯವರೇ ಅಲ್ವಾ? 2012ರಲ್ಲಿ ಆಮ್ಜೆನ್ ಅನ್ನೋ ಔಷಧ ಕಂಪನಿಯವರು ಹೆಸರಾದ 53 ಕ್ಯಾನ್ಸರ್ ಅಧ್ಯಯನಗಳನ್ನು ಪರೀಕ್ಷಿಸಿದಾಗ ನಿಂತದ್ದು 6 ಅಂತ ಹೇಳಿದರು, ಅದಕ್ಕೆ ಯಾರೂ ಜೀವಶಾಸ್ತ್ರ ವಿಜ್ಞಾನವಲ್ಲ ಅನ್ನಲಿಲ್ಲ. ನಮ್ಮಲ್ಲಿ ನಿಜವಾದ ರೋಗ ಬೇರೆ: ಹತ್ತಿಪ್ಪತ್ತು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು, ಬೇಕಾದ ಉತ್ತರ ಬರುವ ತನಕ ಲೆಕ್ಕ ತಿರುಗಿಸಿ, ಬಂದದ್ದನ್ನಷ್ಟೇ ಪ್ರಕಟಿಸೋದು. ಈಗ ಏನು ಹುಡುಕುತ್ತೇವೆ, ಹೇಗೆ ಲೆಕ್ಕ ಹಾಕುತ್ತೇವೆ ಅಂತ ಮೊದಲೇ ಬರೆದು ನೋಂದಾಯಿಸುವವರು ಜಾಸ್ತಿ ಆಗಿದ್ದಾರೆ.

ತಕ್ಕಡಿ ಬೇಕಾ? ತಂಗಿ, ನೀಲಿ ಪೆನ್ನಲ್ಲಿ "ಕೆಂಪು", ಹಸಿರು ಪೆನ್ನಲ್ಲಿ "ನೀಲಿ" ಅಂತ ಇಪ್ಪತ್ತು ಪದ ಬರಿ. ಪದ ಓದಬಾರದು, ಶಾಯಿಯ ಬಣ್ಣ ಹೇಳಬೇಕು. ಗಡಿಯಾರ ಹಿಡಿದು ಅಣ್ಣನಿಂದ ಹೇಳಿಸು, ತಡವರಿಸುತ್ತಾರೆ. 1935ರಲ್ಲಿ ಸ್ಟ್ರೂಪ್ ಅನ್ನೋ ಸೈಕಾಲಜಿ ಸಂಶೋಧಕ ಪ್ರಕಟಿಸಿದ್ದು ಇದು, ಇವತ್ತಿಗೂ ನಿಂತಿದೆ.

ಪ್ರೈಮರಿ ಶಾಲೆ ಮೇಷ್ಟ್ರು:
ಮಾರ್ಷ್‌ಮೆಲೋ ವಿಷಯ ನನಗೆ ನೋವಿನದು. ಮೊದಲ ಪ್ರಯೋಗದ ಮಕ್ಕಳು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದವರು. 2018ರಲ್ಲಿ 900ಕ್ಕೂ ಜಾಸ್ತಿ ಮಕ್ಕಳ ಮಾಹಿತಿ ನೋಡಿದಾಗ ಕಾಯೋದಕ್ಕೂ ಮುಂದಿನ ಓದಿಗೂ ಇದ್ದ ನಂಟು ಅರ್ಧಕ್ಕೆ ಇಳಿಯಿತು, ಮನೆಯ ಪರಿಸ್ಥಿತಿ ಲೆಕ್ಕಕ್ಕೆ ತಗೊಂಡರೆ ಇನ್ನೂ ಸಣ್ಣದಾಯಿತು. 2013ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದವರು ಮಕ್ಕಳಿಗೆ ಮೊದಲು ಒಳ್ಳೆ ಬಣ್ಣ ತಂದುಕೊಡ್ತೀವಿ ಅಂತ ಹೇಳಿ, ಅರ್ಧ ಮಕ್ಕಳಿಗೆ ಕೊಡಲೇ ಇಲ್ಲ. ಆಮೇಲೆ ಮಾರ್ಷ್‌ಮೆಲೋ ಇಟ್ಟಾಗ ಮೋಸ ಹೋದ ಮಕ್ಕಳು ಸರಾಸರಿ 3 ನಿಮಿಷ ಕಾದರು, ಉಳಿದವರು 12. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಬಿಸಿಯೂಟಕ್ಕೆ ಮುನ್ನುಗ್ಗುವ ಒಬ್ಬ ಹುಡುಗನಿಗೆ "ತಾಳ್ಮೆ ಇಲ್ಲ" ಅಂತ ವರ್ಷವಿಡೀ ಬೈದಿದ್ದೆ. ಅವನಿಗೆ ಮನೆಯಲ್ಲಿ ಕೊಟ್ಟ ಮಾತು ಎಷ್ಟು ಸಲ ನಡೆದಿತ್ತೋ ನಾನು ಕೇಳಿರಲೇ ಇಲ್ಲ.

ಬಿಎ ಎರಡನೇ ವರ್ಷ:
ಮೇಷ್ಟ್ರೇ, ಇದನ್ನು ನಾಳೆ ಕ್ಲಾಸಿನಲ್ಲಿ ಎದ್ದು ಹೇಳುತ್ತೇನೆ, ನಮ್ಮ ಪುಸ್ತಕದಲ್ಲಿ ಹಳೆಯದಷ್ಟೇ ಇದೆ. ಅಕ್ಕಾ, ಅಣ್ಣನ ಕೈಲಿ ಮಾಡಿಸಿದೆ. ಪದಕ್ಕೆ ತಕ್ಕ ಬಣ್ಣದ ಪಟ್ಟಿಗೆ 11 ಸೆಕೆಂಡು, ತಿರುಗುಮುರುಗು ಪಟ್ಟಿಗೆ 24. ಇನ್ನೊಂದು ಸಲ ಕೊಡು ಅಂತ ಕೂತಿದ್ದಾನೆ.